72 ಸೋತು 66 ಗೆದ್ದದ್ದು ಹೇಗೆ?

ಕಳೆದ ಭಾನುವಾರ ಬೆಳಿಗ್ಗೆ ಹಳೆಯ ವಿದ್ಯಾರ್ಥಿಯೊಬ್ಬ ತಂದೆಯೊಡನೆ ಬಿ.ಜಿ. ಕೆರೆಯ ನಮ್ಮ ಮನೆಗೆ ಬಂದಿದ್ದ. ತಂದೆಗೆ ನಾಲ್ಕು ಎಕರೆ ಶೇಂಗಾ ಹೊಲ, ಒಂದಿಷ್ಟು ಕುರಿ. ಮಗನನ್ನು ಧಾರವಾಡಕ್ಕೆ ಕೋಚಿಂಗಿಗೆ ಕಳಿಸಲು ಅರ್ಧ ಕುರಿ ಮಾರಿದ್ದಾರೆ. ಕೂರುವ ಮೊದಲೇ ಕೇಳಿದರು: "ಮೇಷ್ಟ್ರೇ, ನಮ್ ಹುಡುಗ 72 ತಗಂಡವ್ನೆ. ಪಕ್ಕದ ಊರಿನವನು 66. ಅವನಿಗೆ ಸಿಕ್ತು, ಇವನಿಗಿಲ್ಲ. ದುಡ್ಡು ನಡೀತಾ?" ಹುಡುಗ ತಲೆ ತಗ್ಗಿಸಿಕೊಂಡು, "ಇನ್ನು ಪರೀಕ್ಷೆ ಬರೆಯಲ್ಲ ಸಾರ್" ಎಂದ.

ಅದು ಕೇಂದ್ರ ಸರ್ಕಾರದ ನೇಮಕಾತಿಯ ಕಂಪ್ಯೂಟರ್ ಪರೀಕ್ಷೆ. ಇಬ್ಬರೂ ಬೇರೆ ಬೇರೆ ದಿನ, ಬೇರೆ ಬೇರೆ ಪಾಳಿಯಲ್ಲಿ ಬರೆದಿದ್ದರು. ಪ್ರಶ್ನೆಪತ್ರಿಕೆಯೂ ಬೇರೆ. ಇದು ತಪ್ಪಿಸಲಾಗದ ಮಾತೇ ಸರಿ. ರೈಲ್ವೆಯ 2019ರ ಎನ್‌ಟಿಪಿಸಿ ನೇಮಕಾತಿಗೆ ಒಂದು ಕೋಟಿಗೂ ಮಿಕ್ಕಿ ಅರ್ಜಿಗಳು ಬಂದವು. ಮೊದಲ ಹಂತದ ಪರೀಕ್ಷೆ 2020ರ ಡಿಸೆಂಬರ್ 28ಕ್ಕೆ ಆರಂಭವಾಗಿ 2021ರ ಜುಲೈ 31ಕ್ಕೆ ಮುಗಿಯಿತು. ಒಟ್ಟು 133 ಪಾಳಿಗಳು! ಅಷ್ಟೂ ಪತ್ರಿಕೆಗಳನ್ನು ಒಂದೇ ತೂಕದಲ್ಲಿ ತಯಾರಿಸುವುದು ಯಾರಿಂದಲೂ ಆಗದು. ಆ ವ್ಯತ್ಯಾಸವನ್ನು ಸರಿದೂಗಿಸುವ ಲೆಕ್ಕಕ್ಕೇ ನಾರ್ಮಲೈಸೇಷನ್, ಅಂದರೆ ಸಾಮಾನ್ಯೀಕರಣ, ಎಂದು ಹೆಸರು.

ತಂದೆಗೆ ನಾನು ಶೇಂಗಾದ ಮಾತಿನಲ್ಲೇ ಹೇಳಿದೆ. ದೇವಸಮುದ್ರ ಹೋಬಳಿಗೆ ಹದವಾದ ಮಳೆ ಬಿತ್ತು, ಕಸಬಾ ಹೋಬಳಿಗೆ ಬೀಳಲಿಲ್ಲ ಎಂದುಕೊಳ್ಳಿ. ಅಲ್ಲಿ ಎಲ್ಲರಿಗೂ ಎಕರೆಗೆ ಐದು ಚೀಲ ಬಂದಾಗ ಒಬ್ಬ ಆರು ಚೀಲ ಬೆಳೆದ. ಇಲ್ಲಿ ಎಲ್ಲರಿಗೂ ಎರಡು ಚೀಲ ಬಂದಾಗ ಒಬ್ಬ ನಾಲ್ಕು ಚೀಲ ಬೆಳೆದ. ಯಾರು ಒಳ್ಳೆಯ ರೈತ? ಚೀಲ ಎಣಿಸಿದರೆ ಮೊದಲನೆಯವನು. ಅದೇ ಮಳೆಯಲ್ಲಿ ಬೆಳೆದ ನೆರೆಹೊರೆಯವರೊಡನೆ ಹೋಲಿಸಿದರೆ ಎರಡನೆಯವನು.

ಈಗ ಅಂಕಕ್ಕೆ ಬರೋಣ. ಲೆಕ್ಕಕ್ಕೆಂದು ಕೆಲವು ಸಂಖ್ಯೆಗಳನ್ನು ಊಹಿಸಿಕೊಳ್ಳಿ. ನಮ್ಮ ಹುಡುಗನ ಪಾಳಿಯ ಸರಾಸರಿ 60, ಇನ್ನೊಬ್ಬನ ಪಾಳಿಯದು 48. ಎರಡರಲ್ಲೂ ಮಾನಕ ವಿಚಲನೆ 12. ಆಗ 72 ಎಂಬುದು ಸರಾಸರಿಗಿಂತ ಒಂದು ಮಾನಕ ವಿಚಲನೆಯಷ್ಟು ಮೇಲೆ, 66 ಒಂದೂವರೆಯಷ್ಟು ಮೇಲೆ. ಪ್ರತಿ ಸಾವಿರ ಜನರಲ್ಲಿ ಇವನಿಗಿಂತ ಸುಮಾರು 160 ಮಂದಿ ಮುಂದಿದ್ದರೆ, ಅವನಿಗಿಂತ ಮುಂದಿರುವವರು ಸುಮಾರು 70 ಮಂದಿ ಮಾತ್ರ. ಪರ್ಸೆಂಟೈಲ್ ಎಂದರೆ ಇದೇ. ಇವನದು 84, ಅವನದು 93. ಇದು ಶೇಕಡಾ ಅಂಕವಲ್ಲ, ನೂರು ಜನರಲ್ಲಿ ನಿಮ್ಮ ಸ್ಥಾನ ಎಲ್ಲಿ ಎಂಬುದರ ಅಳತೆ. 2019ರಿಂದ ಜೆಇಇ ಮೇನ್ ಈ ದಾರಿಯನ್ನೇ ಹಿಡಿದಿದೆ. ಸ್ಟಾಫ್ ಸೆಲೆಕ್ಷನ್ ಕಮಿಷನ್ 2019ರಲ್ಲಿ ಸರಾಸರಿ ಮತ್ತು ಮಾನಕ ವಿಚಲನೆಯನ್ನು ಆಧರಿಸಿದ ಸೂತ್ರ ಪ್ರಕಟಿಸಿತ್ತು. 2025ರಲ್ಲಿ ಅದನ್ನು ಬಿಟ್ಟು ಪರ್ಸೆಂಟೈಲ್ ಆಧಾರದ ವಿಧಾನಕ್ಕೆ ಬದಲಾಯಿಸಿತು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಳೆ ಲೆಕ್ಕ ಹಾಕ್ತಾರೆ ಅನ್ನಿ. ಆದ್ರೆ ಎಷ್ಟು ಮಳೆ ಬಿತ್ತು ಅಂತ ನಮಗೂ ಹೇಳ್ಬೇಕಲ್ಲ?" ಎಂದರು. ನಾನು ಬಾಯಿ ಮುಚ್ಚಬೇಕಾಯಿತು. ಅವರು ತಂದಿದ್ದ ಹಾಳೆಯಲ್ಲಿ ಪಾಳಿಯ ಸರಾಸರಿ ಇರಲಿಲ್ಲ.

ಸಾಮಾನ್ಯೀಕರಣದಲ್ಲಿ ಒಂದು ನಂಬಿಕೆ ಅಡಗಿದೆ. ಚೀಟಿ ಎತ್ತಿದಂತೆ ಅಭ್ಯರ್ಥಿಗಳನ್ನು ಹಂಚಿರುವುದರಿಂದ ಎಲ್ಲ ಪಾಳಿಗಳಲ್ಲೂ ಜಾಣರು, ಸಾಧಾರಣರು ಒಂದೇ ಪ್ರಮಾಣದಲ್ಲಿರುತ್ತಾರೆ ಎಂಬುದು ಆ ನಂಬಿಕೆ. ಪಾಳಿಯಲ್ಲಿ ಸಾವಿರಾರು ಜನರಿದ್ದರೆ ಅದು ಬಹುಮಟ್ಟಿಗೆ ನಿಜ. ಜನ ಕಡಿಮೆಯಾದಷ್ಟೂ ಅದು ಸಡಿಲವಾಗುತ್ತದೆ. 2024ರ ನವೆಂಬರ್‌ನಲ್ಲಿ ಪ್ರಯಾಗ್‌ರಾಜ್‌ನ ಅಭ್ಯರ್ಥಿಗಳು ಬೀದಿಗಿಳಿದು ಒಂದೇ ದಿನದ ಪರೀಕ್ಷೆ ಕೇಳಿದ್ದರು. ಉತ್ತರ ಪ್ರದೇಶದ ಲೋಕಸೇವಾ ಆಯೋಗ ಪಿಸಿಎಸ್ ಪೂರ್ವಭಾವಿ ಪರೀಕ್ಷೆಗೆ ಅದನ್ನು ಒಪ್ಪಿತು. ಒಂದೇ ದಿನ, ಒಂದೇ ಪತ್ರಿಕೆ ಸಾಧ್ಯವಿರುವ ಕಡೆ ಅದೇ ಮೇಲು.

ನಮ್ಮ ರಾಜ್ಯದಲ್ಲೂ 2022ರಲ್ಲಿ ಸಿಇಟಿ ರ‍್ಯಾಂಕಿಗೆ ಇಂಥದೇ ತೊಡಕು ಬಂದಿತ್ತು. ಕೋವಿಡ್‌ನಿಂದ 2021ರಲ್ಲಿ ಪರೀಕ್ಷೆಯೇ ಇಲ್ಲದೆ ಪಿಯುಸಿ ಅಂಕ ಪಡೆದವರು ಮರುವರ್ಷ ಸಿಇಟಿ ಬರೆದಾಗ, ಅವರ ಪಿಯು ಅಂಕಗಳನ್ನು ರ‍್ಯಾಂಕಿಗೆ ಸೇರಿಸಲಿಲ್ಲ. ವಿಷಯ ಹೈಕೋರ್ಟಿಗೆ ಹೋಯಿತು. ಕೊನೆಗೆ ಸೆಪ್ಟೆಂಬರಿನಲ್ಲಿ, ವಿಷಯಕ್ಕೆ ಸರಾಸರಿ 6 ಅಂಕ ಕಳೆದು ಉಳಿದದ್ದನ್ನು ಸೇರಿಸುವ ಸೂತ್ರಕ್ಕೆ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಎರಡು ಬೇರೆ ಅಳತೆಗೋಲುಗಳನ್ನು ಜೋಡಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ವಿದ್ಯಾರ್ಥಿಗಳಿಗೆ ಮೂರು ಮಾತು. ಅಧಿಸೂಚನೆಯಲ್ಲಿ ಯಾವ ಸೂತ್ರ ಬಳಸುತ್ತಾರೆಂದು ಅರ್ಜಿ ಹಾಕುವಾಗಲೇ ಓದಿ. ನಿಮ್ಮ ಉತ್ತರಗಳ ಹಾಳೆ, ಕೀ ಉತ್ತರ ಎರಡನ್ನೂ ತೆಗೆದಿಟ್ಟುಕೊಳ್ಳಿ; ಕೀ ತಪ್ಪಿದ್ದರೆ ಆಕ್ಷೇಪಣೆಗೆ ಸಿಗುವ ಸಮಯ ಕಡಿಮೆ. ಪತ್ರಿಕೆ ಕಷ್ಟವಿದ್ದರೆ ಹೆದರಬೇಡಿ, ಅದು ನಿಮ್ಮ ಪಾಳಿಯ ಎಲ್ಲರಿಗೂ ಕಷ್ಟ, ಸುಲಭವಿದ್ದರೆ ಮೈಮರೆಯಬೇಡಿ. ತಂದೆತಾಯಿಗಳು ಪಕ್ಕದ ಮನೆಯವನ ಅಂಕ ಹಿಡಿದು ಮಕ್ಕಳನ್ನು ಜರೆಯುವ ಮೊದಲು ಪಾಳಿ ಯಾವುದೆಂದು ಕೇಳಿ.

ಹೊರಡುವಾಗ ಹುಡುಗ ಬಾಗಿಲಲ್ಲಿ ನಿಂತು, "ಮುಂದಿನ ಅರ್ಜಿ ಹಾಕ್ಲಾ ಸಾರ್?" ಎಂದ. ಅಪ್ಪನೇ ಉತ್ತರ ಕೊಟ್ಟರು: "ಹಾಕು. ಒಂದು ವರ್ಷ ಮಳೆ ಕೈಕೊಟ್ರೆ ಹೊಲ ಬೀಳು ಬಿಡ್ತೀವಾ?"