ಸೀಸೆಯ ಮೇಲೆ ಊರಿನ ಹೆಸರಿರಲಿ

ಬಿತ್ತನೆ ಬೀಜವನ್ನು ಬೂದಿಯಲ್ಲಿ ಬೆರೆಸಿ ಮುಂದಿನ ಮಳೆಗಾಲಕ್ಕೆ ಕಾಪಿಡುವ ರೈತನಿಗೆ ಸಂರಕ್ಷಣೆಯ ಮರ್ಮ ಗೊತ್ತು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿಗೆ ಪ್ರಯೋಗಾಲಯ ಮಾಡುವುದೂ ಇದನ್ನೇ. ದ್ವಿದಳ ಬೆಳೆಗಳ ಬೇರುಗಂಟಿನಲ್ಲಿ ನೆಲೆಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಂ ಇದಕ್ಕೊಂದು ನಿದರ್ಶನ. ದಿನವೂ ಹೆಪ್ಪು ಹಾಕಿದಂತೆ ಅದನ್ನು ತಟ್ಟೆಯಿಂದ ತಟ್ಟೆಗೆ ದಾಟಿಸುತ್ತ ಹೋದರೆ ತಳಿ ಬದಲಾಗಬಹುದು. ಕೆಲವೊಮ್ಮೆ ಬೇರುಗಂಟು ಕಟ್ಟುವ ಗುಣವನ್ನೇ ಕಳೆದುಕೊಳ್ಳುತ್ತದೆ. ಶೈತ್ಯ ಸಂಗ್ರಹದ ಅಗತ್ಯ ಹುಟ್ಟುವುದು ಇಲ್ಲಿಯೇ.

ವಿಧಾನ ಸರಳವಾದುದು. ಚೆನ್ನಾಗಿ ಬೆಳೆದ ಶುದ್ಧ ತಳಿಗೆ ಶೇ. 15ರಿಂದ 25ರಷ್ಟು ಗ್ಲಿಸರಾಲ್ ಬೆರೆಸಿ, ಪುಟ್ಟ ಸೀಸೆಗಳಲ್ಲಿ ತುಂಬಿ, ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಲಾಗುತ್ತದೆ. ಇನ್ನೂ ದೀರ್ಘಕಾಲಕ್ಕೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕವುಂಟು. ಗ್ಲಿಸರಾಲ್ ಇಲ್ಲದಿದ್ದರೆ ಮಂಜಿನ ಹರಳುಗಳು ಜೀವಕೋಶದ ಪೊರೆಯನ್ನು ಸೀಳುತ್ತವೆ. ಕರಗಿಸಿ ಮತ್ತೆ ಘನೀಕರಿಸಿದಷ್ಟೂ ಬದುಕುಳಿಯುವವು ಕಡಿಮೆ. ಆದ್ದರಿಂದ ಒಂದೇ ತಳಿಯನ್ನು ಹಲವು ಸೀಸೆಗಳಲ್ಲಿ, ಸಾಧ್ಯವಾದರೆ ಎರಡು ಊರುಗಳಲ್ಲಿ ಇಡುವುದು ವಿವೇಕ.

ಸೀಸೆಯೊಳಗಿನ ಜೀವದಷ್ಟೇ ಮುಖ್ಯವಾದುದು ಅದರ ಮೇಲಿನ ಬರಹ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಬಿಸಿನೀರಿನ ಬುಗ್ಗೆಯಿಂದ ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ 1966ರಲ್ಲಿ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಸಾರ್ವಜನಿಕ ತಳಿ ಸಂಗ್ರಹಾಲಯಕ್ಕೆ ಒಪ್ಪಿಸಿದರು. ಅದರ ಕಿಣ್ವವೇ ಮುಂದೆ ಪಿಸಿಆರ್ ತಂತ್ರಕ್ಕೆ ಆಧಾರವಾಯಿತು. ಉದ್ಯಮಗಳು ಅಪಾರ ಹಣ ಗಳಿಸಿದವು; ಉದ್ಯಾನಕ್ಕೆ ಪಾಲು ದೊರೆಯಲಿಲ್ಲ.

ಭಾರತದ 2002ರ ಜೀವವೈವಿಧ್ಯ ಕಾಯ್ದೆ ಸೂಕ್ಷ್ಮಜೀವಿಗಳನ್ನೂ ಜೈವಿಕ ಸಂಪನ್ಮೂಲವೆಂದು ಗುರುತಿಸಿ, ಲಾಭದ ನ್ಯಾಯಯುತ ಹಂಚಿಕೆಗೆ ಅವಕಾಶ ಕಲ್ಪಿಸಿದೆ. ಆದರೆ ಮಣ್ಣು ಯಾವ ಊರಿನದು, ಯಾವ ಕಾಡಿನದು ಎಂಬುದೇ ದಾಖಲಾಗದಿದ್ದರೆ ಆ ಹಕ್ಕನ್ನು ಕೇಳುವವರಾದರೂ ಯಾರು? ಗ್ರಾಮಗಳ ಜೀವವೈವಿಧ್ಯ ದಾಖಲಾತಿಯಲ್ಲಿ ಮರ, ಪಕ್ಷಿಗಳಿಗೆ ಸಿಗುವ ಸ್ಥಾನ ಮಣ್ಣಿಗೂ ಸಿಗಬೇಕು. ಮಾದರಿ ಒಯ್ಯುವವರಿಂದ ಸ್ಥಳ, ದಿನಾಂಕ, ಉದ್ದೇಶಗಳನ್ನು ಬರೆಸಿಕೊಳ್ಳುವುದು ಜೀವವೈವಿಧ್ಯ ಸಮಿತಿಗಳಿಗೆ ಕಷ್ಟದ ಕೆಲಸವಲ್ಲ.

ಇಷ್ಟಾದರೂ ಶೀತಕ ಕಾಡಿಗೆ ಬದಲಿಯಾಗದು. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಇಂದಿಗೂ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯಲೊಲ್ಲವು. ಬೆಳೆಯದ್ದನ್ನು ಸೀಸೆಯಲ್ಲಿ ಕಾಪಿಡುವುದು ಹೇಗೆ? ಸೊಪ್ಪಿನ ಬೆಟ್ಟದ ತರಗೆಲೆಯಡಿಯ ತೇವ, ಬೇರು, ಎರೆಹುಳು, ಶಿಲೀಂಧ್ರಗಳ ಒಡನಾಟವನ್ನು ಯಾವ ದ್ರವ ಸಾರಜನಕವೂ ಹಿಡಿದಿಡಲಾರದು. ಸೀಸೆ ಉಳಿಸುವುದು ತಳಿಯನ್ನು. ಬೆಟ್ಟ ಉಳಿಸುವುದು ಬದುಕನ್ನು. ಬೆಟ್ಟ ಬೋಳಾದ ಮೇಲೆ ಸೀಸೆ ತೆರೆದು ಪ್ರಯೋಜನವೇನು?