ಕಲ್ಯಾಣದಲ್ಲಿ ಒಂದು ರಾತ್ರಿ ತಂಗುವವರಾರು?

ಬಸವಕಲ್ಯಾಣಕ್ಕೆ ಬರುವವರಿಗೆ ಕೊರತೆಯಿಲ್ಲ. ಕೊರತೆ ಇರುವುದು ತಂಗುವವರಿಗೆ. ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಬರುವ ವಾಹನಗಳು ಸಸ್ತಾಪುರ ಬಂಗ್ಲಾ ಬಳಿ ಒಳಕ್ಕೆ ತಿರುಗುತ್ತವೆ. ಪ್ರವಾಸಿಗರು 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆಗೆ ಕೈಮುಗಿದು, ಕೋಟೆಗೊಂದು ಸುತ್ತು ಹಾಕಿ, ಛಾಯಾಚಿತ್ರ ತೆಗೆದುಕೊಂಡು, ಕತ್ತಲಾಗುವ ಮುನ್ನ ಬೀದರ್, ಕಲಬುರಗಿ ಇಲ್ಲವೇ ಹೈದರಾಬಾದಿನ ದಾರಿ ಹಿಡಿಯುತ್ತಾರೆ. ಊರಿಗೆ ಉಳಿಯುವುದು ನಾಲ್ಕು ಲೋಟ ಚಹಾದ ದುಡ್ಡು ಮತ್ತು ಒಂದಿಷ್ಟು ಪ್ಲಾಸ್ಟಿಕ್ ಕಸ.

ಹಾಗೆಂದು ಇದು ಒಂದು ಗಂಟೆಯಲ್ಲಿ ನೋಡಿ ಮುಗಿಸುವ ಊರೇನೂ ಅಲ್ಲ. 11ನೇ ಶತಮಾನದಲ್ಲಿ ಒಂದನೇ ಸೋಮೇಶ್ವರ ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಕಾಶ್ಮೀರದ ಕವಿ ಬಿಲ್ಹಣನಿದ್ದ. ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರನಿದ್ದ. 12ನೇ ಶತಮಾನದ ಶರಣರ ಕಥೆಯನ್ನಂತೂ ಹೇಳಬೇಕಾಗಿಲ್ಲ. ಸಮೀಪದ ನಾರಾಯಣಪುರದಲ್ಲಿ ಚಾಲುಕ್ಯರ ಕಾಲದ ಶಿವಾಲಯವಿದೆ. ಹುಮನಾಬಾದ್ ತಾಲ್ಲೂಕಿನ ಜಲಸಂಗವಿ ದೇಗುಲದ ಹೊರಗೋಡೆಯ ಮೇಲೆ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯಿದ್ದಾಳೆ. ಹುಮನಾಬಾದಿನಲ್ಲಿ ವೀರಭದ್ರೇಶ್ವರನ ಗುಡಿ, ಪಕ್ಕದಲ್ಲೇ ಸಕಲಮತ ಸಂಪ್ರದಾಯದ ಮಾಣಿಕ್ ಪ್ರಭುಗಳ ಮಾಣಿಕನಗರ. ಇಷ್ಟನ್ನು ಸಾವಧಾನವಾಗಿ ನೋಡಲು ಕನಿಷ್ಠ ಎರಡು ದಿನ ಬೇಕು.

ಸರ್ಕಾರ ಕೈಕಟ್ಟಿ ಕುಳಿತಿದೆ ಎನ್ನುವಂತಿಲ್ಲ. 2017ರ ಅಕ್ಟೋಬರ್‌ನಲ್ಲಿ ಹುಮನಾಬಾದ್ ಮೂಲಕ ಹಾದುಹೋಗುವ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಯಿತು. 2019ರಲ್ಲಿ ಇಡೀ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. 2021ರ ಜನವರಿ 6ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆ ಮಾಡಿದರು. ಆಗ ಘೋಷಿಸಿದ ಅಂದಾಜು ವೆಚ್ಚ 500 ಕೋಟಿ ರೂಪಾಯಿ. 2024ರಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಇವೆಲ್ಲವೂ ಜನರನ್ನು ಕರೆತರುವ ಕ್ರಮಗಳು. ಆದರೆ ಬಂದವರು ಊರಿಗೆ ಹೊರೆಯಾಗುತ್ತಾರೆಯೇ, ಆಸರೆಯಾಗುತ್ತಾರೆಯೇ ಎಂಬ ಪ್ರಶ್ನೆಗೆ ಇವುಗಳಲ್ಲಿ ಉತ್ತರವಿಲ್ಲ.

ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದವರು ಮೆಡಿಟರೇನಿಯನ್ ತೀರದವರು. ಸ್ಪೇನಿನ ಬೆನಿಡಾರ್ಮ್ ಒಂದು ಕಾಲಕ್ಕೆ ಮೀನುಗಾರರ ಊರು. 1950ರ ದಶಕದ ನಂತರ ಅಲ್ಲಿ ಗಗನಚುಂಬಿ ಹೋಟೆಲುಗಳು ಎದ್ದವು. ಪ್ರವಾಸಿಗರು ಹುಡುಕಿಕೊಂಡು ಬಂದ ನಿಶ್ಶಬ್ದವೇ ಅವರಿಂದ ಅಳಿಯಿತು. ಜನದಟ್ಟಣೆಯಿಂದ ಬೇಸತ್ತ ಇಟಲಿಯ ವೆನಿಸ್ 2024ರ ಏಪ್ರಿಲ್‌ನಿಂದ ಆಯ್ದ ದಿನಗಳಲ್ಲಿ ಪ್ರವೇಶ ಶುಲ್ಕ ವಿಧಿಸಲಾರಂಭಿಸಿತು. ಈ ಶುಲ್ಕ ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಮಾತ್ರ. ನಗರದಲ್ಲಿ ರಾತ್ರಿ ತಂಗುವವರಿಗೆ ವಿನಾಯಿತಿ ಇದೆ ಎಂಬುದು ಗಮನಾರ್ಹ. ಅದೇ ಇಟಲಿಯಲ್ಲಿ ಇನ್ನೊಂದು ಪ್ರಯೋಗವೂ ನಡೆದಿದೆ. 1976ರ ಭೂಕಂಪದ ತರುವಾಯ ಫ್ರಿಯುಲಿ ಪ್ರದೇಶದಲ್ಲಿ ಹುಟ್ಟಿದ ಕಲ್ಪನೆ ಅದು: ಹೊಸ ಹೋಟೆಲು ಕಟ್ಟುವ ಬದಲು ಊರಿನ ಖಾಲಿ ಮನೆಗಳನ್ನೇ ದುರಸ್ತಿ ಮಾಡಿ ಅತಿಥಿಗಳಿಗೆ ಕೊಡುವುದು. ಕೋಣೆಗಳು ಊರಿನ ತುಂಬ ಹರಡಿರುತ್ತವೆ; ಅತಿಥಿ ಓಣಿಯಲ್ಲಿ ಓಡಾಡುತ್ತಾನೆ, ಅಲ್ಲಿನ ಅಂಗಡಿಯಲ್ಲೇ ಕೊಳ್ಳುತ್ತಾನೆ.

ಬಸವಕಲ್ಯಾಣ, ಹುಮನಾಬಾದುಗಳಿಗೆ ಇದು ಹೊಸ ಮಾತಲ್ಲ. ಬಂದವರಿಗೆ ಅನ್ನ, ಆಸರೆ ನೀಡುವ ದಾಸೋಹ ಈ ಮಣ್ಣಿನ ಆಚಾರ. ಅದರ ಜತೆಗೆ ಕಾಯಕವೂ ಸೇರಬೇಕಷ್ಟೆ. ಹಳೆಯ ಮನೆಯ ಎರಡು ಕೋಣೆಗಳನ್ನು ಅಚ್ಚುಕಟ್ಟು ಮಾಡಲು ಸುಲಭ ಸಾಲ, ಜೋಳದ ರೊಟ್ಟಿ ತಟ್ಟುವ ಮಹಿಳಾ ಸ್ವಸಹಾಯ ಸಂಘಗಳಿಗೆ ಊಟ ಒದಗಿಸುವ ಹೊಣೆ, ಕನ್ನಡ, ಮರಾಠಿ, ಉರ್ದು, ತೆಲುಗು ಬಲ್ಲ ಇಲ್ಲಿನ ಯುವಕ ಯುವತಿಯರಿಗೆ ಮಾರ್ಗದರ್ಶಕರ ತರಬೇತಿ: ಇವಕ್ಕೆ ನೂರಾರು ಕೋಟಿ ಬೇಕಾಗಿಲ್ಲ. ಹೆದ್ದಾರಿಯ ಬದಿಯಲ್ಲಿ ಹೊರಗಿನವರ ದೊಡ್ಡ ರೆಸಾರ್ಟುಗಳು ತಲೆಯೆತ್ತಿದ ಮೇಲೆ ಈ ಮಾತಿಗೆ ಅರ್ಥವಿರದು.

ಕಾಲದ ಲೆಕ್ಕಾಚಾರವೂ ಮುಖ್ಯ. ನಗರವಾಸಿಗಳಿಗೆ ರಜೆ ಸಿಗುವುದು ಏಪ್ರಿಲ್–ಮೇ ತಿಂಗಳಲ್ಲಿ. ಬಸವ ಜಯಂತಿ ಬರುವುದೂ ಆಗಲೇ. ಆದರೆ ಆ ಬಿರುಬಿಸಿಲಿನಲ್ಲಿ ಇಲ್ಲಿನ ಜನರಿಗೇ ನೀರಿನ ಚಿಂತೆ. ನವೆಂಬರ್‌ನಿಂದ ಫೆಬ್ರುವರಿವರೆಗಿನ ಚಳಿಗಾಲ ಹಿತಕರ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯೂ ಜನವರಿಯಲ್ಲೇ ನಡೆಯುತ್ತದೆ. ಪ್ರವಾಸೋದ್ಯಮ ಇಲಾಖೆಯ ಪ್ರಚಾರ ಈ ಋತುವಿಗೆ ಹೊಂದಿಕೊಳ್ಳುವುದು ವಿವೇಕ.

ಶರಣರ ಕ್ಷೇತ್ರವನ್ನು ವಿಹಾರತಾಣ ಮಾಡುವುದು ಸರಿಯೇ ಎಂಬ ಆಕ್ಷೇಪ ಏಳಬಹುದು. ಅವಸರದಲ್ಲಿ ಬಂದು ಹೋಗುವವನಿಗಿಂತ, ಒಂದು ರಾತ್ರಿ ತಂಗಿ ಮುಂಜಾನೆ ಕೋಟೆಯ ಮೆಟ್ಟಿಲ ಮೇಲೆ ಸುಮ್ಮನೆ ಕೂರುವವನು ಕ್ಷೇತ್ರಕ್ಕೆ ಹೆಚ್ಚು ಗೌರವ ಸಲ್ಲಿಸುತ್ತಾನೆ ಎಂಬುದೇ ಅದಕ್ಕೆ ಉತ್ತರ. ಇನ್ನು ಮುಂದೆ ಅಧಿಕಾರಿಗಳು ಬಂದ ಬಸ್ಸುಗಳನ್ನು ಎಣಿಸುವುದನ್ನು ಬಿಟ್ಟು, ಪ್ರವಾಸಿಗರು ಕಳೆದ ರಾತ್ರಿಗಳನ್ನು ಎಣಿಸಲಿ. ಕಲ್ಯಾಣದ ನಿಜವಾದ ಲಾಭ ನಷ್ಟ ಆ ಲೆಕ್ಕದಲ್ಲಿದೆ.