ಸಹಿಸ್ಕೋ ಅನ್ನೋದು ಮದ್ದಲ್ಲ

‘ವಯಸ್ಸಿನ ಮೊಡವೆ, ತಾನಾಗೇ ಹೋಗುತ್ತೆ ಬಿಡು.’ ನಮ್ಮೂರ ಜಗಲೀಲೂ ಇದೇ ಮಾತು, ಬೆಂಗಳೂರಿನ ಅಪಾರ್ಟ್‌ಮೆಂಟಲ್ಲೂ ಇದೇ ಮಾತು. ನಾಲ್ಕು ಗುಳ್ಳೆಗಾದರೆ ಸರಿ. ಹದಿನಾರರ ಹುಡುಗನ ಕೆನ್ನೆ, ಬೆನ್ನ ತುಂಬ ಕೀವುಗಂಟು ಮತ್ತೆ ಮತ್ತೆ ಏಳುತ್ತಿದ್ದರೆ? ಮೊಡವೆ ಹೋದರೂ ಗುಳಿ ಉಳಿಯುತ್ತೆ.

ಊರಲ್ಲಿ ಅರಿಶಿನ ಹಚ್ತಾರೆ, ನಾವಿಲ್ಲಿ ದುಬಾರಿ ಫೇಸ್‌ವಾಶ್ ಆರ್ಡರ್ ಮಾಡ್ತೀವಿ. ಆಳದ ಗಂಟಿಗೆ ಎರಡೂ ಅಷ್ಟಕ್ಕಷ್ಟೆ. ನನಗೆ ಸಿಟ್ಟು ಬರೋದು ಚೀಟಿಯಿಲ್ಲದೆ ಮಾರೋ ಸ್ಟೀರಾಯ್ಡ್ ಕ್ರೀಮು ಕಂಡರೆ. ಮೊದಮೊದಲು ಮುಖ ಹೊಳೆಯುತ್ತೆ, ಆಮೇಲೆ ಚರ್ಮ ತೆಳುವಾಗಿ ಮೊಡವೆ ಇನ್ನೂ ಕೆರಳುತ್ತೆ.

ಮದ್ದು ಇಲ್ವಾ? ಇದೆ. ಹಚ್ಚೋಕೆ ಅಡಾಪಲೀನ್, ಬೆಂಜಾಯ್ಲ್ ಪೆರಾಕ್ಸೈಡ್. ಜೊತೆಗೆ ಕೆಲವು ತಿಂಗಳು ಮಾತ್ರ ಡಾಕ್ಸಿಸೈಕ್ಲಿನ್. ಅದಕ್ಕೂ ಬಗ್ಗದಿದ್ದರೆ ಐಸೊಟ್ರೆಟಿನಾಯಿನ್. ಅಮೆರಿಕದಲ್ಲಿ 1982ರಲ್ಲೇ ಒಪ್ಪಿಗೆ ಪಡೆದ ಗುಳಿಗೆ ಅದು. ತುಟಿ ಒಡೆಯುತ್ತೆ, ರಕ್ತಪರೀಕ್ಷೆ ಬೇಕು, ಮನಸ್ಸು ಕುಗ್ಗುತ್ತಿದೆಯಾ ಅಂತ ಗಮನಿಸಬೇಕು. ಹೊಟ್ಟೆಯೊಳಗಿನ ಮಗುವಿಗೆ ಊನ ತರೋದ್ರಿಂದ ಗರ್ಭಿಣಿಯರು ಮುಟ್ಟಲೇಬಾರದು. ಅದಕ್ಕೇ ಚರ್ಮದ ಡಾಕ್ಟರೇ ಬೇಕು, ಯೂಟ್ಯೂಬ್ ಸಾಲದು.

ಹಲ್ಲುನೋವಿಗೆ ರಜೆ ಹಾಕೋ ನಾವು, ಮುಖ ಮುಚ್ಚಿಕೊಂಡು ಕಾಲೇಜಿಗೆ ಹೋಗೋ ತಮ್ಮ, ತಂಗಿಗೆ ಮಾತ್ರ ‘ಸಹಿಸ್ಕೋ’ ಅಂತೀವಿ. ಸಾಕು ಸ್ವಾಮಿ ಈ ಉಪದೇಶ. ಕಲೆ ಬೀಳೋ ಮುಂಚೆ ಕರ್ಕೊಂಡು ಹೋಗಿ.